‘ಅನ್’ ಎಂದರೆ ಅನ್ನವಲ್ಲ

ಕಳೆದ ತಿಂಗಳು ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ಸಣ್ಣ ಸಭೆ ನಡೆಯಿತು. ವಿಯೆಟ್ನಾಮಿಗೆ ಹದಿನೈದು ದಿನ ಪ್ರವಾಸ ಹೋಗಿ ಬಂದ ಹಿರಿಯರೊಬ್ಬರು ಅಲ್ಲಿ ತಾವು ಕಂಡದ್ದನ್ನು ಹೇಳಿದರು. ಚೆನ್ನಾಗಿಯೇ ಹೇಳಿದರು. ಗದ್ದೆಗಳ ಹಸುರನ್ನೂ ಪೇಟೆಯ ಗದ್ದಲವನ್ನೂ ಕಣ್ಣಿಗೆ ಕಟ್ಟುವಂತೆ ವರ್ಣಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಲೇಖನ ಬರೆಯಬೇಕಾಗಿರಲಿಲ್ಲ. ಆದರೆ ಹಿಂದಿನ ಕೋಣೆಯಿಂದ ಉಪ್ಪಿಟ್ಟಿನ ಪರಿಮಳ ಬರತೊಡಗಿದಾಗ ಅವರಿಗೆ ಭಾಷಾಶಾಸ್ತ್ರ ನೆನಪಾಯಿತು. “ಆ ದೇಶದಲ್ಲಿ ಊಟ ಮಾಡುವುದಕ್ಕೆ ಏನೆನ್ನುತ್ತಾರೆ, ಬಲ್ಲಿರಾ? ‘ಅನ್’ ಎನ್ನುತ್ತಾರೆ! ನಮ್ಮ ಅನ್ನವೇ ಅದು. ಅವರಿಗೆ ದೇವರನ್ನು ಕೊಟ್ಟವರು ನಾವು, ಲಿಪಿಯನ್ನು ಕೊಟ್ಟವರು ನಾವು, ಉಣ್ಣುವುದನ್ನು ಕಲಿಸಿದವರೂ ನಾವೇ” ಎಂದು ದನಿಯೇರಿಸಿ ಹೇಳಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು.

ವಂದನಾರ್ಪಣೆಗೆ ಎದ್ದ ಇನ್ನೊಬ್ಬ ಸಜ್ಜನರು ತಮ್ಮ ಪಾಲನ್ನೂ ಸೇರಿಸಿದರು. ಆ ಭಾಷೆಯಲ್ಲಿ ಕಳ್ಳತನಕ್ಕೂ ‘ಅನ್’, ಮದುವೆಗೂ ‘ಅನ್’, ಹಬ್ಬಕ್ಕೂ ‘ಅನ್’. ಪಾಪ, ಹಸಿದ ಜನ, ಬೇರೆ ಮಾತು ಅವರಿಗೆ ಹೊಳೆಯಲಿಲ್ಲ ಎಂದರು. ಅದಕ್ಕೆ ಚಪ್ಪಾಳೆಯ ಬದಲು ಮರುಕದ ಲೊಚಗುಟ್ಟುವಿಕೆ ಕೇಳಿಸಿತು.

ಹೀಗೆ ಐದು ನಿಮಿಷದಲ್ಲಿ ಒಂದು ಜನಾಂಗದ ಬಾಯಿಂದ ಅದರ ಅತ್ಯಂತ ಸ್ವಂತವಾದ ಮಾತನ್ನು ಕಿತ್ತುಕೊಂಡು, ಮಿಕ್ಕದ್ದನ್ನು ಭಿಕ್ಷೆಯೆಂದು ತಿರುಗಿ ಕೊಟ್ಟದ್ದಾಯಿತು. ಇಬ್ಬರ ಮಾತೂ ತಪ್ಪು. ಇಬ್ಬರ ಮನಸ್ಸಿನಲ್ಲೂ ಕೇಡಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕೇಡಿಲ್ಲದ ಮನಸ್ಸಿನಿಂದ ಹೊರಟ ತಪ್ಪಿಗೆ ಆಯುಸ್ಸು ಹೆಚ್ಚು. ಅದನ್ನು ತಿದ್ದಲು ಹೋದವನೇ ಸಭೆಯಲ್ಲಿ ಕೆಟ್ಟವನಾಗುತ್ತಾನೆ. ಅದಕ್ಕೇ ಅಲ್ಲಿ ಸುಮ್ಮನಿದ್ದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಒಂದು ಕಾಲಕ್ಕೆ ನಾನೂ ಇದೇ ಪಂಥದವನು. ನನ್ನ ಜೊತೆ ಕೆಲಸ ಮಾಡುತ್ತಿದ್ದ ವಿಯೆಟ್ನಾಮಿನ ಗೆಳೆಯನೊಬ್ಬನಿಂದ ಆ ಭಾಷೆಯ ನಾಲ್ಕು ಮಾತು ಕಲಿತೆ. ಕಲಿತೊಡನೆ ಒಂದು ಟಿಪ್ಪಣಿ ಪುಸ್ತಕ ತೆರೆದೆ. ಅದರ ಮೊದಲನೆಯ ಸಾಲೇ ‘ಅನ್ — ಅನ್ನ’. ನನ್ನ ಸಂಶೋಧನೆಯನ್ನು ಹೆಮ್ಮೆಯಿಂದ ಆತನ ಮುಂದಿಟ್ಟೆ. ಆತ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: “ಹಾಗಾದರೆ ನೀವು ಅನ್ನ ಎನ್ನುವ ವಸ್ತುವನ್ನು ನಾವು ‘ಕಮ್’ ಎನ್ನುವುದೇಕೆ?” ನನ್ನಲ್ಲಿ ಉತ್ತರವಿರಲಿಲ್ಲ. ಆ ಪುಸ್ತಕದಲ್ಲಿ ಎರಡನೆಯ ಪುಟ ತಿರುವುವುದಕ್ಕೆ ಬಹಳ ದಿನ ಬೇಕಾಯಿತು.

ಆ ಪ್ರಶ್ನೆಯನ್ನೇ ಬಿಡಿಸಿ ನೋಡೋಣ. ವಿಯೆಟ್ನಾಮಿನ ‘ಅನ್’ ಕ್ರಿಯಾಪದ. ತಿನ್ನು, ಉಣ್ಣು ಎಂದು ಅದರ ಅರ್ಥ. ಸಂಸ್ಕೃತದ ‘ಅನ್ನ’ ನಾಮಪದ. ತಿನ್ನು ಎಂಬರ್ಥದ ‘ಅದ್’ ಧಾತುವಿನಿಂದ ಹುಟ್ಟಿದ್ದು, ತಿಂದದ್ದು ಎಂದು ಅದರ ಮೂಲಾರ್ಥ. ಪರದೇಶದಿಂದ ಬಂದ ಊಟದ ಮಾತು ಸಾಮಾನ್ಯವಾಗಿ ವಸ್ತುವಿನ ಹೆಸರಾಗಿ ಬರುತ್ತದೆ. ನಾವು ಪೋರ್ಚುಗೀಸರಿಂದ ಅನಾನಸನ್ನು ಪಡೆದೆವು. ತಿನ್ನುವುದಕ್ಕೆ ಅವರ ಮಾತನ್ನು ಪಡೆಯಲಿಲ್ಲ. ವಿಯೆಟ್ನಾಮಿನವರು ನಮ್ಮಿಂದ ಅನ್ನವನ್ನು ಪಡೆದಿದ್ದರೆ ಬೆಂದ ಅಕ್ಕಿಯ ಹೆಸರಿನಲ್ಲಿ ಅದು ಕಾಣಿಸಬೇಕಾಗಿತ್ತು. ಅಲ್ಲಿ ಅದರ ಸುಳಿವೇ ಇಲ್ಲ. ಪೈರಿಗೆ ‘ಲುವಾ’, ಭತ್ತಕ್ಕೆ ‘ಥೋಕ್’, ಅಕ್ಕಿಗೆ ‘ಗಾವ್’, ಅನ್ನಕ್ಕೆ ‘ಕಮ್’, ಗಂಜಿಗೆ ‘ಚಾವ್’, ನುಚ್ಚಿಗೆ ‘ತಮ್’, ತೌಡಿಗೆ ‘ಕಾಮ್’ — ನಮ್ಮಲ್ಲಿರುವಂತೆಯೇ ಹೆಜ್ಜೆಹೆಜ್ಜೆಗೂ ಅವರದೇ ಒಂದು ಮಾತಿದೆ. ಇಂಗ್ಲಿಷಿನವನು ಪೈರಿನಿಂದ ತಟ್ಟೆಯವರೆಗೆ ‘ರೈಸ್’ ಎಂಬ ಒಂದೇ ಮಾತಿನಿಂದ ಕಾಲ ಹಾಕುತ್ತಾನೆ. ಇಷ್ಟು ಹೆಸರಿಟ್ಟುಕೊಂಡ ಜನಕ್ಕೆ ಉಣ್ಣುವುದನ್ನು ಇನ್ನೊಬ್ಬರು ಹೋಗಿ ಕಲಿಸಬೇಕಾಗಿತ್ತೆ? (ಆ ಭಾಷೆಯ ಸ್ವರಗಳ ಏರಿಳಿತವನ್ನು ನಮ್ಮ ಲಿಪಿ ತೋರಿಸಲಾರದು. ನಾನು ಬರೆದಂತೆ ಓದಿ ಯಾರೂ ಹಾನಾಯಿಯ ಅಂಗಡಿಯಲ್ಲಿ ಅಕ್ಕಿ ಕೇಳಬಾರದು.)

“ಆದರೂ ದನಿ ಒಂದೇ ಇದೆಯಲ್ಲ?” ಎನ್ನುತ್ತೀರಿ. ದನಿಯ ಸಾಮ್ಯವೇ ಸಾಕ್ಷಿಯಾದರೆ ಜಗತ್ತಿನಲ್ಲಿ ಯಾರು ಬೇಕಾದರೂ ಯಾರ ಮಗನೂ ಆಗಬಹುದು. ‘ನೀನು’ ಎಂಬುದಕ್ಕೆ ಚೀನೀಯರು ‘ನೀ’ ಎನ್ನುತ್ತಾರೆ. ಬೀಜಿಂಗಿನವರು ಕನ್ನಡಿಗರ ಒಕ್ಕಲೆ? ಪಾರಸಿಯಲ್ಲಿ ‘ಬದ್’ ಎಂದರೆ ಕೆಟ್ಟದ್ದು, ಇಂಗ್ಲಿಷಿನಲ್ಲಿ ‘ಬ್ಯಾಡ್’ ಎಂದರೂ ಕೆಟ್ಟದ್ದು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಆಸ್ಟ್ರೇಲಿಯದ ಮೂಲನಿವಾಸಿಗಳ ಬಬರಾಮ್ ಎಂಬ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು. ಅದು ಇಂಗ್ಲಿಷರಿಂದ ಕಲಿತ ಮಾತಲ್ಲ; ಆಕಸ್ಮಿಕ. ಇನ್ನು ವಿಯೆಟ್ನಾಮಿನಲ್ಲಿ ಕತ್ತರಿಸುವುದಕ್ಕೆ ‘ಕತ್’ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ‘ಕಟ್’ ಎನ್ನುತ್ತಾರೆ. ನಮ್ಮ ಹಿರಿಯರ ತರ್ಕವನ್ನೇ ಹಿಡಿದರೆ, ಲಂಡನ್ನಿನ ದರ್ಜಿಗಳಿಗೆ ಕತ್ತರಿ ಹಿಡಿಸಿದವರು ಹಾನಾಯಿಯವರೆಂದು ಒಪ್ಪಬೇಕಾಗುತ್ತದೆ. ಮನುಷ್ಯನ ಬಾಯಿ ಸಣ್ಣದು, ಹೊರಡಿಸಬಲ್ಲ ದನಿಗಳು ಎಣಿಕೆಯವು, ಭಾಷೆಗಳೋ ಸಾವಿರಾರು. ಅಲ್ಲಲ್ಲಿ ಇಂಥ ಡಿಕ್ಕಿ ಆಗದಿದ್ದರೇ ಆಶ್ಚರ್ಯ.

ನೆಂಟಸ್ತನವನ್ನು ತೋರಿಸುವುದು ಒಂದು ಮಾತಿನ ಹೋಲಿಕೆಯಲ್ಲ, ಹತ್ತು ಮಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದೇ ಬಗೆಯ ವ್ಯತ್ಯಾಸ. ತಮಿಳಿನ ‘ಪಾಲ್’ ನಮ್ಮ ‘ಹಾಲು’, ‘ಪುಲಿ’ ‘ಹುಲಿ’, ‘ಪಲ್’ ‘ಹಲ್ಲು’. ಅಲ್ಲಿ ಪಕಾರವಿದ್ದಲ್ಲಿ ಇಲ್ಲಿ ಹಕಾರ. ಸುಮ್ಮನೆ ಹೋಲುವುದಲ್ಲ, ನಿಯಮ ತಪ್ಪದೆ ಬೇರೆಯಾಗುವುದು. ಅದು ರಕ್ತಸಂಬಂಧದ ಗುರುತು. ಸಂಸ್ಕೃತದ ‘ದಂತ’ ಇಂಗ್ಲಿಷಿನ ‘ಟೂತ್’. ‘ದ್ವಿ’ ಅವರ ‘ಟೂ’. ‘ದಶ’ ಅವರ ‘ಟೆನ್’. ಇಲ್ಲಿ ದಕಾರವಿದ್ದಲ್ಲಿ ಅಲ್ಲಿ ಟಕಾರ. ಈಗ ‘ಅದ್’ ಧಾತುವನ್ನು ಈ ಸಾಲಿಗೆ ತಂದು ನಿಲ್ಲಿಸಿ. ಸಿಕ್ಕುವ ಮಾತು ಯಾವುದು? ‘ಈಟ್’! ನಮ್ಮ ಅನ್ನದ ನಿಜವಾದ ದಾಯಾದಿ ಇಂಗ್ಲಿಷಿನ ‘ಈಟ್’, ವಿಯೆಟ್ನಾಮಿನ ‘ಅನ್’ ಅಲ್ಲ. ಹೋಲುವುದು ನೆಂಟನಲ್ಲ, ಹೋಲದಿರುವುದು ನೆಂಟ. ಸಭೆಯಲ್ಲಿ ಇದನ್ನು ಹೇಳಿದ್ದರೆ ಚಪ್ಪಾಳೆ ಬೀಳುತ್ತಿರಲಿಲ್ಲ, ನಿಜ.

ಇತಿಹಾಸವಾದರೂ ನಮ್ಮ ಹಿರಿಯರ ಪರವಾಗಿದೆಯೆ? ದೇವರನ್ನು ಕೊಟ್ಟೆವು, ಲಿಪಿಯನ್ನು ಕೊಟ್ಟೆವು ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ವಿಳಾಸ ತಪ್ಪಿದೆ. ಇಂದಿನ ವಿಯೆಟ್ನಾಮಿನ ಮಧ್ಯ ಕರಾವಳಿಯಲ್ಲಿ ಹಿಂದೆ ಇದ್ದದ್ದು ಚಂಪಾ ರಾಜ್ಯ. ಅಲ್ಲಿಯ ಮಿ ಸನ್ ಎಂಬ ಕಣಿವೆಯಲ್ಲಿ 4ನೆಯ ಶತಮಾನದಿಂದಲೇ ಶಿವಾಲಯಗಳೆದ್ದವು. ಅರಸರು ಭದ್ರವರ್ಮ ಮೊದಲಾದ ಹೆಸರಿಟ್ಟುಕೊಂಡರು, ಸಂಸ್ಕೃತದಲ್ಲಿ ಶಾಸನ ಕೆತ್ತಿಸಿದರು. ನಮ್ಮ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, 9ನೆಯ ಶತಮಾನದ ಏಕಶಿಲಾ ಶಿವಲಿಂಗವೊಂದು ದೊರಕಿತು. ಇವೆಲ್ಲ ನಿಜ. ಆದರೆ ಚಂಪಾ ರಾಜ್ಯದ ಜನ ಚಾಮರು; ಅವರ ಭಾಷೆ ಮಲಯ ಭಾಷೆಯ ಬಳಗದ್ದು. ವಿಯೆಟ್ ಜನರ ನೆಲೆ ಉತ್ತರದಲ್ಲಿ, ಕೆಂಪು ನದಿಯ ಬಯಲಿನಲ್ಲಿ. ಆ ಬಯಲು ಕ್ರಿ.ಪೂ. 111ರಿಂದ ಕ್ರಿ.ಶ. 938ರವರೆಗೆ, ನಡುವೆ ಕೆಲವು ಬಂಡಾಯದ ಕಾಲಗಳನ್ನು ಬಿಟ್ಟರೆ, ಚೀನದ ಆಳ್ವಿಕೆಯಲ್ಲಿತ್ತು. ಆಮೇಲೆ ವಿಯೆಟ್ ಅರಸರು ದಕ್ಷಿಣಕ್ಕೆ ಒತ್ತುತ್ತ ಬಂದು, 1471ರಲ್ಲಿ ಚಾಮರ ರಾಜಧಾನಿ ವಿಜಯವನ್ನು ಹಿಡಿದರು. 1832ರಲ್ಲಿ ಕೊನೆಯ ಚಾಮ ಸಂಸ್ಥಾನವನ್ನೂ ನುಂಗಿದರು. ಎಂದರೆ ನಾವು ಲಿಪಿ ಕೊಟ್ಟದ್ದು ಸೋತವರಿಗೆ. ಲೆಕ್ಕ ಕೇಳುತ್ತಿರುವುದು ಗೆದ್ದವರನ್ನು.

ಗೆದ್ದವರಿಗೂ ನಮ್ಮಲ್ಲಿ ಸಾಲ ಇಲ್ಲದೆ ಇಲ್ಲ. ಅದು ಬೌದ್ಧಧರ್ಮದ ಮೂಲಕ ಬಂದದ್ದು. ಬೋಧಿಸತ್ತ್ವ ಚೀನದ ದಾರಿ ಸುತ್ತಿ ‘ಬೋ ತಾತ್’ ಆದ. ನಿರ್ವಾಣ ‘ನಿಯೆತ್ ಬಾನ್’ ಆಯಿತು. ಬುದ್ಧನಿಗೆ ಅಲ್ಲಿ ‘ಫತ್’ ಎಂಬ ಚೀನೀ ದಾರಿಯ ಹೆಸರಿರುವಂತೆ ‘ಬುತ್’ ಎಂಬ ಇನ್ನೂ ಹಳೆಯ ಹೆಸರಿದೆ. ಅಡುಗೂಲಜ್ಜಿಯ ಕತೆಗಳಲ್ಲಿ ಅಳುವ ಅನಾಥ ಹುಡುಗಿಯ ಮುಂದೆ ಬಿಳಿಯ ಗಡ್ಡದ ಮುದುಕನಾಗಿ ಬಂದು ‘ಏಕೆ ಅಳುತ್ತೀ ಮಗು?’ ಎನ್ನುವವನು ಆ ಬುತ್. ಇದು ನಿಜವಾದ ಸಂಬಂಧ. ಇದಕ್ಕಿಂತ ಸುಂದರವಾದದ್ದು ಯಾವುದಿದೆ? ಇಂಥದನ್ನು ಬಿಟ್ಟು ಅವರ ಬಾಯಿಯ ತುತ್ತಿನ ಮಾತಿಗೇಕೆ ಕೈ ಹಾಕಬೇಕು?

ಈ ಹುಮ್ಮಸ್ಸು ಎಲ್ಲಿಂದ ಬಂತೆಂಬುದು ನನಗೆ ಗೊತ್ತಿದೆ. ಅದರ ಮೇಲೆ ನನಗೆ ತಿರಸ್ಕಾರವೂ ಇಲ್ಲ. 1926ರಲ್ಲಿ ಕಲ್ಕತ್ತೆಯ ವಿದ್ವಾಂಸರು ‘ಬೃಹತ್ತರ ಭಾರತ’ದ ಸಂಘವನ್ನು ಕಟ್ಟಿದರು. 1927ರಲ್ಲಿ ರಮೇಶಚಂದ್ರ ಮಜುಂದಾರರು ಚಂಪಾ ರಾಜ್ಯದ ಮೇಲೆ ದೊಡ್ಡ ಗ್ರಂಥ ಬರೆದರು. ಪರರ ಆಳ್ವಿಕೆಯಲ್ಲಿ ತಲೆ ತಗ್ಗಿಸಿದ್ದ ಜನಕ್ಕೆ, ನಮ್ಮವರೂ ಕಡಲು ದಾಟಿದ್ದರು ಎಂಬ ಮಾತು ಬೆನ್ನು ನೇರ ಮಾಡಿಕೊಳ್ಳಲು ನೆರವಾಯಿತು. ಆದರೆ ಅವರು ಆ ರಾಜ್ಯಗಳನ್ನು ಕರೆದದ್ದು ಭಾರತದ ‘ವಸಾಹತು’ಗಳೆಂದು. ತಮ್ಮ ಕಾಲಿಗೆ ಕಚ್ಚುತ್ತಿದ್ದ ಚಪ್ಪಲಿಯನ್ನೇ ಇನ್ನೊಬ್ಬರ ಕಾಲಿಗೆ ತೊಡಿಸಿದಂತಾಯಿತು. ಅಂದು ಅದಕ್ಕೊಂದು ನೆಪವಿತ್ತು. ಸ್ವತಂತ್ರರಾಗಿ ಮುಕ್ಕಾಲು ಶತಮಾನ ಕಳೆದ ಮೇಲೆ ನಮಗೆ ಯಾವ ನೆಪವಿದೆ?

ಈ ಹುಮ್ಮಸ್ಸಿನ ದೊಡ್ಡ ನಷ್ಟ ಬೇರೆಯೇ ಇದೆ. ಭಾರತಕ್ಕೂ ವಿಯೆಟ್ನಾಮಿನ ಭಾಷೆಗೂ ನಿಜವಾದ ರಕ್ತಸಂಬಂಧವೊಂದಿದೆ. ನಮ್ಮ ಹಿರಿಯರು ಅದರ ಕಡೆ ತಿರುಗಿಯೂ ನೋಡಲಿಲ್ಲ. ವಿಯೆಟ್ನಾಮಿನ ಭಾಷೆ ಆಸ್ಟ್ರೊ-ಏಷ್ಯಾಟಿಕ್ ಎಂಬ ದೊಡ್ಡ ಕುಟುಂಬದ್ದು. ಅದು ಸುಲಭವಾಗಿ ತಿಳಿದ ಸಂಗತಿಯಲ್ಲ. ಅಲ್ಲಿಯ ಸ್ವರಗಳ ಏರಿಳಿತವನ್ನು ನೋಡಿ, 1912ರಲ್ಲಿ ಮಾಸ್ಪೆರೊ ಎಂಬ ಫ್ರೆಂಚ್ ಪಂಡಿತ ಅದನ್ನು ಥಾಯ್ ಭಾಷೆಯ ಕಡೆಗೆ ಸೇರಿಸಿದ್ದ. ಮೇಲ್ನೋಟದ ಹೋಲಿಕೆ ಮಹಾಪಂಡಿತನನ್ನೂ ದಾರಿ ತಪ್ಪಿಸಬಲ್ಲದು. ಆ ಏರಿಳಿತ ಮೂಲದ್ದಲ್ಲ, ಉದುರಿಹೋದ ವ್ಯಂಜನಗಳು ಬಿಟ್ಟುಹೋದ ಗುರುತು ಎಂದು 1954ರಲ್ಲಿ ಓದ್ರಿಕೂರ್ ತೋರಿಸಿಕೊಟ್ಟ ಮೇಲೆ ದಾರಿ ತಿಳಿಯಾಯಿತು. ಈ ಕುಟುಂಬದ ಇತರ ಮನೆಗಳು ಯಾವುವು? ಕಾಂಬೋಡಿಯದ ಖ್ಮೇರ್, ಬರ್ಮದ ಮೋನ್, ನಮ್ಮದೇ ಮೇಘಾಲಯದ ಖಾಸಿ, ಜಾರ್ಖಂಡ ಒಡಿಶಾ ಬಂಗಾಳಗಳ ಸಂತಾಲಿ, ಮುಂಡಾರಿ.

ಸಂತಾಲನೊಬ್ಬ ಎಣಿಸುವುದನ್ನು ಕೇಳಿ: ಮಿತ್, ಬಾರ್, ಪೆ, ಪೊನ್. ವಿಯೆಟ್ನಾಮಿನವನು ಎಣಿಸುವುದನ್ನು ಕೇಳಿ: ಮೋತ್, ಹಾಯ್, ಬಾ, ಬೋನ್. ಮಿತ್ ಮೋತ್, ಪೆ ಬಾ, ಪೊನ್ ಬೋನ್ — ಕಿವಿಗೇ ತಿಳಿಯುತ್ತದೆ. ಬಾರ್ ಮತ್ತು ಹಾಯ್‌ಗಳ ನಡುವಿನ ದಾರಿ ಸುತ್ತು ಬಳಸಿನದು. ಆದರೂ ವಿದ್ವಾಂಸರು ಅಳೆದು ನೋಡಿದ ದಾರಿ. ಕಣ್ಣಿಗೆ ಇವರು ‘ಮೆತ್’ ಎಂದರೆ ಅವರು ‘ಮತ್’ ಎನ್ನುತ್ತಾರೆ. ಎಣಿಕೆ, ಕಣ್ಣು — ಇವು ಅಂಗಡಿಯಲ್ಲಿ ಕೊಂಡ ಮಾತುಗಳಲ್ಲ, ತಾಯಿಯ ಮಡಿಲಿನವು. ‘ಅನ್’ ಕೂಡ ಅಂಥದೇ. ವಿಯೆಟ್ನಾಮಿನ ಗುಡ್ಡಗಾಡಿನಲ್ಲಿ ಅವರ ಅತ್ಯಂತ ಹತ್ತಿರದ ಬಂಧುಗಳಾದ ಮುವೋಂಗ್ ಜನರ ಬಾಯಲ್ಲೂ ತಿನ್ನುವುದಕ್ಕೆ ಇದೇ ಮಾತಿದೆ. ಅದು ಅವರ ಮನೆಯ ಹಳೆಯ ಪಾತ್ರೆ, ನಾವು ಕೊಟ್ಟ ಬಾಗಿನವಲ್ಲ.

ಇಲ್ಲಿ ನನ್ನನ್ನು ಚುಚ್ಚುವ ವಿಷಯ ಇದು: ವಿಯೆಟ್ನಾಮಿನಲ್ಲಿ ಭಾರತವನ್ನು ಹುಡುಕಿಕೊಂಡು ಹೋದವರು ತಮ್ಮ ಹಿಂದೆಯೇ ನಿಂತಿದ್ದ ಸಂತಾಲನನ್ನು ಕಾಣಲಿಲ್ಲ. ಸಂಸ್ಕೃತದ ಮೂಲಕ ಬಂದ ನೆಂಟಸ್ತನವಾದರೆ ಚಪ್ಪಾಳೆ. ಗುಡ್ಡಗಾಡಿನ ಮೂಲಕ ಬಂದದ್ದಾದರೆ ಮೌನ. ಸಂತಾಲಿಗೆ 1925ರಲ್ಲಿ ರಘುನಾಥ ಮುರ್ಮು ಅವರು ‘ಓಲ್ ಚಿಕಿ’ ಎಂಬ ಸ್ವಂತ ಲಿಪಿಯನ್ನೇ ರೂಪಿಸಿಕೊಟ್ಟರು. ಆದರೂ ನಮ್ಮ ಸಂವಿಧಾನದ ಎಂಟನೆಯ ಪರಿಚ್ಛೇದದೊಳಕ್ಕೆ ಬರಲು ಅದು 2003ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಅವನ ಭಾಷೆಗೂ ಹಾನಾಯಿಯ ಭಾಷೆಗೂ ನಂಟೆಂಬ ಸಂಗತಿ ನಮ್ಮ ಸಭೆಗಳಲ್ಲಿ ಹೆಮ್ಮೆಯ ವಿಷಯವೇ ಆಗಲಿಲ್ಲ. ಯಾರು ನಮ್ಮವರು ಎಂಬ ಪ್ರಶ್ನೆಯನ್ನು ನಾವು ಭಾಷಾಶಾಸ್ತ್ರದಿಂದ ತೀರ್ಮಾನಿಸುವುದಿಲ್ಲ. ಪಂಕ್ತಿಯಲ್ಲಿ ಯಾರನ್ನು ಕೂರಿಸಬೇಕೆಂಬ ಹಳೆಯ ಲೆಕ್ಕದಿಂದ ತೀರ್ಮಾನಿಸುತ್ತೇವೆ.

ಈಗ ಎರಡನೆಯ ಸಜ್ಜನರ ಮಾತಿಗೆ ಬರೋಣ. ಎಲ್ಲಕ್ಕೂ ‘ಅನ್’ ಎನ್ನುವುದು ಹಸಿದವರ ಬಡತನ ಎಂದರಲ್ಲ? ‘ಅನ್’ ಎಂಬುದು ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಸಾವಧಾನವಾಗಿ ನೋಡಿದರೆ ಬಡತನ ಯಾರದೆಂದು ತಿಳಿಯುತ್ತದೆ.

ವಿಯೆಟ್ನಾಮಿನವರು ತಮ್ಮ ಹೊಸ ವರ್ಷದ ಹಬ್ಬವಾದ ‘ತೆತ್’ ಅನ್ನು ಆಚರಿಸುತ್ತಾರೆ ಎನ್ನುವುದಿಲ್ಲ. ‘ಅನ್ ತೆತ್’, ಹಬ್ಬ ಉಣ್ಣುತ್ತಾರೆ. ಮದುವೆಗೆ ಹೋಗುವುದು ‘ಅನ್ ಕೂಯ್’, ಮದುವೆ ಉಣ್ಣುವುದು. ಹಿರಿಯರ ತಿಥಿಗೆ ಹೋಗುವುದು ‘ಅನ್ ಜೋ’, ತಿಥಿ ಉಣ್ಣುವುದು. ನಗುವ ಮುನ್ನ ನೆನೆಸಿಕೊಳ್ಳಿ: “ಯಾವಾಗಪ್ಪ ಮದುವೆ ಊಟ ಹಾಕಿಸ್ತೀಯ?” ಎಂದು ವಯಸ್ಸಿಗೆ ಬಂದ ಹುಡುಗನನ್ನು ಕಾಡುವವರು ನಾವಲ್ಲವೆ? ಅಲ್ಲಿಯೂ ಹಾಗೆಯೇ ಕಾಡುತ್ತಾರೆ. ಮಿಠಾಯಿ ತಿನ್ನಿಸುವುದು ಯಾವಾಗ ಎಂದು ಕೇಳುತ್ತಾರೆ, ಅಷ್ಟೆ.

ದುಡಿದು ಬದುಕುವುದಕ್ಕೆ ಅವರು ‘ಲಾಮ್ ಅನ್’ ಎನ್ನುತ್ತಾರೆ, ಮಾಡು, ಉಣ್ಣು. ಮಕ್ಕಳನ್ನು ಓದಿಸುವುದಕ್ಕೆ ಬರಿಯ ‘ಹೋಕ್’ ಸಾಲದು, ‘ಅನ್ ಹೋಕ್’ ಎನ್ನಬೇಕು, ಉಂಡು ಓದುವುದು. ಹೊಟ್ಟೆಗಿಲ್ಲದೆ ಓದಿಲ್ಲ ಎಂಬುದನ್ನು ಆ ಭಾಷೆ ವ್ಯಾಕರಣದಲ್ಲೇ ಬರೆದಿಟ್ಟಿದೆ. ವಾರಾನ್ನ ಉಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಓದಿ ಮುಂದೆ ಬಂದವರ ಮೊಮ್ಮಕ್ಕಳಾದ ನಮಗೆ ಈ ಮಾತಿಗೆ ಟೀಕೆ ಬೇಕೆ? “ಅನ್ನ ಹಾಕಿ ಓದಿಸಿದರು” ಎಂಬುದಕ್ಕಿಂತ ದೊಡ್ಡ ಉಪಕಾರಸ್ಮರಣೆ ಕನ್ನಡದಲ್ಲಿ ಇಲ್ಲ.

ನಡೆನುಡಿಯೂ ‘ಅನ್’ ಬಿಟ್ಟಿಲ್ಲ. ಉಡುವ ರೀತಿ ‘ಅನ್ ಮಕ್’, ಮಾತಾಡುವ ರೀತಿ ‘ಅನ್ ನೊಯ್’, ಜನರೊಡನೆ ಬಾಳುವ ರೀತಿ ‘ಅನ್ ಅ’. ಉಣ್ಣುವುದನ್ನು ಕಲಿ, ನುಡಿಯುವುದನ್ನು ಕಲಿ, ಕಟ್ಟುವುದನ್ನು ಕಲಿ, ಬಿಚ್ಚುವುದನ್ನು ಕಲಿ ಎಂದು ಅವರ ಗಾದೆಯೊಂದು ಸಂಸ್ಕಾರದ ಪಾಠವನ್ನು ತಟ್ಟೆಯಿಂದಲೇ ಪ್ರಾರಂಭಿಸುತ್ತದೆ. ನಾವೂ “ಉಡುವುದು ತೊಡುವುದು ಉಣ್ಣುವುದು” ಎಂದು ಒಂದೇ ಉಸಿರಿನಲ್ಲಿ ಹೇಳುವವರೇ.

ಇನ್ನು ಕೆಟ್ಟ ತುತ್ತು. ಕದಿಯುವುದು ‘ಅನ್ ಕಪ್’, ಕನ್ನ ಹಾಕುವುದು ‘ಅನ್ ಚೋಮ್’, ದರೋಡೆ ‘ಅನ್ ಕೂಪ್’. ತನ್ನದಲ್ಲದ್ದನ್ನು ಬಾಯಿಗಿಟ್ಟುಕೊಂಡವನು ಕಳ್ಳ. ಲಂಚ ತೆಗೆದುಕೊಳ್ಳುವುದು ‘ಅನ್ ಹೋಯ್ ಲೋ’, ಅಕ್ಷರಶಃ ಲಂಚ ತಿನ್ನುವುದು. ಇದಕ್ಕೆ ಕನ್ನಡಿಗರಿಗೆ ಅನುವಾದಕ ಬೇಕಾಗಿಲ್ಲ. ದಲ್ಲಾಳಿಯ ರುಸುಮಿಗೆ ಅವರು ‘ಹ್ವಾ ಹೋಂಗ್’ ಎನ್ನುತ್ತಾರೆ. ಗುಲಾಬಿ ಹೂವಿಗೂ ಅದೇ ಹೆಸರು. ಆದ್ದರಿಂದ ಅಲ್ಲಿಯ ದಲ್ಲಾಳಿ ಗುಲಾಬಿ ತಿನ್ನುತ್ತಾನೆ! ಏಟು ತಿನ್ನುವುದು ‘ಅನ್ ದೋನ್’. ಇದೂ ನಮ್ಮದೇ ಮಾತು.

ಇಲ್ಲಿಂದ ಮುಂದೆ ‘ಅನ್’ ಹೊಟ್ಟೆಯನ್ನು ದಾಟುತ್ತದೆ. ಬ್ರೇಕು ಹಿಡಿಯದಿದ್ದರೆ ಬ್ರೇಕು ‘ಅನ್’ ಇಲ್ಲ. ಅಂಟು ಕಚ್ಚದಿದ್ದರೆ ಅಂಟು ‘ಅನ್’ ಇಲ್ಲ. ಇಬ್ಬರ ಮನಸ್ಸು ಒಂದಾಗಿ ಕೆಲಸ ಸಾಗಿದರೆ ‘ಅನ್ ಈ’, ಭಾವ ಭಾವವನ್ನು ಉಂಡಿತು. ಛಾಯಾಚಿತ್ರದಲ್ಲಿ ಮುಖ ಚೆನ್ನಾಗಿ ಮೂಡಿದರೆ ‘ಅನ್ ಅಞ್’, ಚಿತ್ರವನ್ನು ಉಂಡ ಮುಖ. ಚದುರಂಗದಲ್ಲಿ ಎದುರಾಳಿಯ ಕಾಯನ್ನು ಹೊಡೆಯುವುದೂ ಉಣ್ಣುವುದೇ. ಸ್ಪರ್ಧೆಯಲ್ಲಿ ಗೆಲ್ಲುವುದೂ ಉಣ್ಣುವುದೇ. ತಾನಾಗಿ ಬಂದ ಪಾಲನ್ನು ಒಳಗೆ ತೆಗೆದುಕೊಳ್ಳುವುದು, ತನ್ನದಲ್ಲದ ಪಾಲನ್ನು ನುಂಗುವುದು, ಒಂದರೊಳಗೆ ಇನ್ನೊಂದು ಹೊಂದಿ ಕೂರುವುದು — ಈ ಮೂರು ಮೆಟ್ಟಿಲಲ್ಲಿ ಆ ಸಣ್ಣ ಮಾತು ಬಾಯಿಯಿಂದ ಬಾಳಿನವರೆಗೆ ಏರುತ್ತದೆ. ಇದು ಬೇರೆ ಮಾತು ಹೊಳೆಯದವರ ಬಡತನವಲ್ಲ. ಆ ಭಾಷೆಯಲ್ಲಿ ಪದಗಳಿಗೆ ಪ್ರತ್ಯಯ ಹತ್ತುವುದಿಲ್ಲ. ಒಂದು ಮಾತಿನ ಪಕ್ಕದಲ್ಲಿ ಇನ್ನೊಂದನ್ನಿಟ್ಟೇ ಹೊಸ ಅರ್ಥ ಕಟ್ಟಬೇಕು. ಅಂಥ ಕಟ್ಟಡಕ್ಕೆ ‘ಅನ್’ ಗಟ್ಟಿಯಾದ ಅಡಿಗಲ್ಲು.

ಕನ್ನಡವನ್ನು ನೋಡಿ. ಲಂಚ ತಿಂದ, ಬೈಗುಳ ತಿಂದ, ತಲೆ ತಿಂದ, ಹೊತ್ತು ತಿಂದಿತು, ತುಕ್ಕು ತಿಂದಿತು. ಸುಖ ಉಂಡ, ನೋವುಂಡ, ಮಾಡಿದ್ದುಣ್ಣೋ ಮಹಾರಾಯ. ನಮಗೂ ಬೇರೆ ಮಾತು ಹೊಳೆಯಲಿಲ್ಲವೆ? ನಾವು ತಿನ್ನುವುದನ್ನೂ ಉಣ್ಣುವುದನ್ನೂ ಬೇರೆ ಮಾಡಿ, ಕೇಡಿನ ಬಹುಪಾಲನ್ನು ತಿನ್ನುವುದರ ಮೇಲೆ ಹೊರಿಸಿ, ಕರ್ಮಫಲವನ್ನು ಉಣ್ಣುವುದಕ್ಕೆ ಮೀಸಲಿಟ್ಟೆವು. ಅವರು ಎರಡನ್ನೂ ಒಂದರಲ್ಲೇ ಇಟ್ಟರು. ವ್ಯತ್ಯಾಸ ಇಷ್ಟೆ.

ಊಟಕ್ಕೆ ಅವರಲ್ಲಿ ಬೇರೆ ಮಾತಿಲ್ಲ ಎಂಬುದಂತೂ ಶುದ್ಧ ಸುಳ್ಳು. ಅತಿಥಿಗೆ ‘ಅನ್’ ಎನ್ನುವುದು ಒರಟು, ‘ಸಯ್’ ಎನ್ನಬೇಕು. ಆದರೆ ‘ಸಯ್’ ಅನ್ನು ತನಗೆ ಹೇಳಿಕೊಳ್ಳುವಂತಿಲ್ಲ, ಹೇಳಿಕೊಂಡರೆ ತಮಾಷೆಯಾಗುತ್ತದೆ. “ತಾವು ಆರೋಗಣೆ ಮಾಡಿ” ಎನ್ನಬಹುದು. “ನಾನು ಆರೋಗಣೆ ಮಾಡಿದೆ” ಎನ್ನಲಾದೀತೆ? ಇನ್ನೂ ನಯಕ್ಕೆ ‘ಜೂಂಗ್’ ಇದೆ, ಬಳಸು ಎಂದು ಅರ್ಥ. ಗ್ರಾಂಥಿಕಕ್ಕೆ ಚೀನದಿಂದ ಬಂದ ‘ಥುಕ್’ ಇದೆ. ಹೊಟ್ಟೆಬಾಕನಿಗೆ ಕಬಳಿಸು, ಮುಕ್ಕು ಎಂಬಂಥ ಬೈಗುಳದ ಮಾತುಗಳೂ ಉಂಟು. ಉತ್ತರದ ಮನೆಗಳಲ್ಲಿ ತಟ್ಟೆಗೆ ಕೈ ಹಾಕುವ ಮೊದಲು ಮಕ್ಕಳು ಅಜ್ಜನಿಗೆ, ಅಜ್ಜಿಗೆ, ಅಪ್ಪನಿಗೆ, ಅಮ್ಮನಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ‘ಊಟ ಮಾಡಿ’ ಎಂದು ಅರಿಕೆ ಮಾಡಿಕೊಳ್ಳುವುದು ಪದ್ಧತಿ. ಇವರಿಗೆ ನಾವು ಊಟದ ಪಾಠ ಹೇಳಹೊರಟಿದ್ದೇವೆ.

ಹಸಿವಿನ ಮಾತನ್ನು ಮಾತ್ರ ಹಗುರವಾಗಿ ಆಡಬಾರದು. ಆ ದೇಶ ಹಸಿವನ್ನು ಕಂಡಿದೆ. 1944ರ ಕೊನೆಯಿಂದ 1945ರವರೆಗೆ ಉತ್ತರ ವಿಯೆಟ್ನಾಮಿನಲ್ಲಿ ಬಿದ್ದ ಕ್ಷಾಮದಲ್ಲಿ ಸತ್ತವರು ನಾಲ್ಕು ಲಕ್ಷವೆನ್ನುವವರಿದ್ದಾರೆ, ಇಪ್ಪತ್ತು ಲಕ್ಷವೆನ್ನುವವರಿದ್ದಾರೆ. ಜಪಾನೀಯರಿಗಾಗಿ ಭತ್ತದ ಬಲವಂತದ ವಸೂಲಿ, ಭತ್ತದ ನೆಲದಲ್ಲಿ ಸೆಣಬು ಬೆಳೆಸಿದ್ದು, ಬಾಂಬಿಗೆ ಮುರಿದ ರಸ್ತೆ ರೈಲುಗಳು, ಮೇಲೆ ಪ್ರವಾಹ — ಇಷ್ಟು ಕೂಡಿ ಕೊಂದವು. ಅದಕ್ಕೆ ಎರಡೇ ವರ್ಷ ಹಿಂದೆ, 1943ರಲ್ಲಿ, ನಮ್ಮ ಬಂಗಾಳವೂ ಹಾಗೆಯೇ ಸತ್ತಿತು. ಬಂಗಾಳಿ ಭಾಷೆ ಹಸಿದವರ ಬಡಭಾಷೆ ಎಂದು ಯಾರಾದರೂ ಹೇಳಿದರೆ ನಾವು ಸುಮ್ಮನಿರುತ್ತೇವೆಯೆ? ಕ್ಷಾಮಕ್ಕೆ ಕಾರಣ ಅಧಿಕಾರ ನಡೆಸಿದವರು. ಸತ್ತವರ ಭಾಷೆಯನ್ನು ಅದಕ್ಕೆ ಸಾಕ್ಷಿ ಕರೆಯುವುದು ಅಧರ್ಮ.

ಹಾಗಾದರೆ ನಮಗೂ ಅವರಿಗೂ ‘ಅನ್’ ವಿಷಯದಲ್ಲಿ ಸಂಬಂಧವೇ ಇಲ್ಲವೆ? ಇದೆ. ಅದು ಧಾತುವಿನಲ್ಲಿಲ್ಲ, ಬಳಕೆಯಲ್ಲಿದೆ. ದಾರಿಯಲ್ಲಿ ಎದುರಾದ ಪರಿಚಿತನನ್ನು ವಿಯೆಟ್ನಾಮಿನವನು ಕೇಳುವ ಮಾತು: “ಅನ್ ಕಮ್ ಚುವ?” ಊಟ ಆಯ್ತೆ? ನಮ್ಮ ಊರಿನ ಅರಳಿಕಟ್ಟೆಯಲ್ಲಿ ಕೇಳುವ ಮಾತೂ ಅದೇ. ತಮಿಳರೂ ಕೇಳುತ್ತಾರೆ, ಮಲೆಯಾಳಿಗಳೂ ಕೇಳುತ್ತಾರೆ, ಚೀನೀಯರೂ ಕೇಳುತ್ತಾರೆ. ಯಾರೂ ಯಾರಿಂದಲೂ ಎರವಲು ತರಬೇಕಾಗಿಲ್ಲದ ಮಾತು ಅದು. ಎರವಲೆಂದು ಸಾಧಿಸಿದರೆ ಒಬ್ಬ ಕೊಟ್ಟವನು, ಇನ್ನೊಬ್ಬ ತೆಗೆದುಕೊಂಡವನು ಆಗುತ್ತಾನೆ. ಎರವಲಲ್ಲವೆಂದು ಒಪ್ಪಿದರೆ ಇಬ್ಬರೂ ಒಂದೇ ಮಣೆಯ ಮೇಲೆ ಕೂರುತ್ತಾರೆ. ನನಗೆ ಎರಡನೆಯದೇ ದೊಡ್ಡ ಸಂಬಂಧವಾಗಿ ಕಾಣುತ್ತದೆ.

ಸಭೆ ಮುಗಿದ ಮೇಲೆ ಆ ಹಿರಿಯರು ಉಪ್ಪಿಟ್ಟಿನ ತಟ್ಟೆ ಹಿಡಿದು ನನ್ನ ಬಳಿಗೆ ಬಂದರು. “ನಿಮ್ಮದು ಆಯ್ತೆ?” ಎಂದು ವಿಚಾರಿಸಿ, ಇಲ್ಲವೆಂದುದಕ್ಕೆ ತಮ್ಮ ಕೈಯ ತಟ್ಟೆಯನ್ನೇ ನನಗೆ ಕೊಟ್ಟು ತಮಗೆ ಬೇರೆ ತರಲು ಹೋದರು. ವಾದಿಸಬೇಕೆಂದಿದ್ದವನು ಬಾಯಿ ಮುಚ್ಚಿ ತಿಂದೆ. ಅಷ್ಟು ಹೊತ್ತು ಭಾಷಣದಲ್ಲಿ ಹೇಳಲಾಗದಿದ್ದ ‘ಅನ್’ ಎಂಬುದರ ಅರ್ಥವನ್ನು ಅವರು ಆ ಒಂದು ತಟ್ಟೆಯಲ್ಲಿ ಸರಿಯಾಗಿ ಹೇಳಿದ್ದರು. ಅವರ ಉಪ್ಪಿಟ್ಟು ತಿಂದು ಅವರ ವಿರುದ್ಧ ಬರೆಯುತ್ತಿದ್ದೇನೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಇರಬೇಕು.